ಉಸುರು ಬಿಟ್ಟ ಛಾವಣಿ

ಕಂಬಂ ಕಣಿವೆಯಲ್ಲಿ ಪಾಲಿಕಾರ್ಬೊನೇಟ್ ಹಾಳೆಯನ್ನು ಮೊದಲು ಛಾವಣಿಗೆ ಏರಿಸಿದವರು ಯಾರೆಂದು ಕೇಳಿದರೆ, ತೇನಿಯಿಂದ ಕಂಬಂವರೆಗಿನ ಯಾವ ಹಾರ್ಡ್‌ವೇರ್ ಅಂಗಡಿಯವರೂ ಹೇಳುವ ಹೆಸರು ಒಂದೇ: ಉತ್ತಮಪಾಳಯಂನ ಗಾಜಿನಂಗಡಿ ಪೆರಿಯಣ್ಣನವರು. ಗಾಜಿನಂತೆ ಬೆಳಕು ಬಿಡುವ, ಗಾಜಿನಂತೆ ಒಡೆಯದ, ಒಬ್ಬನೇ ಹೆಗಲ ಮೇಲೆ ಹೊತ್ತು ಏಣಿ ಹತ್ತಬಹುದಾದಷ್ಟು ಹಗುರವಾದ ಆ ಹಾಳೆ ಮದುರೆಯಿಂದ ಲಾರಿಯಲ್ಲಿ ಬಂದಿಳಿದಾಗ, ಇದು ಮಕ್ಕಳ ಆಟದ ಸಾಮಾನು ಎಂದು ನಕ್ಕವರೇ ಹೆಚ್ಚು. ಅದನ್ನು ಬಗ್ಗಿಸಿ, ತಟ್ಟಿ, ಬಿಸಿಲಿಗೆ ಹಿಡಿದು, ಅದರ ಗುಣವನ್ನು ಅರಿತು ಕೆಲಸಕ್ಕೆ ತಂದವರು ಪೆರಿಯಣ್ಣನವರು. ಅಂಥವರ ಅರವತ್ತನೆಯ ವರ್ಷದ ಈ ಅಭಿನಂದನ ಸಂಪುಟಕ್ಕೆ ಅವರ ಜೊತೆ ದುಡಿದವನೊಬ್ಬ ಬರೆಯುವುದು ನ್ಯಾಯವೇ.

ಆದರೆ ಆಮಂತ್ರಣ ಪತ್ರದಲ್ಲಿ, ಈ ತಮಿಳು ಸೀಮೆಯಲ್ಲಿ ಮನೆಮಾತು ಕನ್ನಡವಾದ ನಮ್ಮ ಜನರ ಸಂಘದವರು ಅಚ್ಚು ಹಾಕಿಸಿರುವ ‘ನಿವೃತ್ತಿ’ ಎಂಬ ಪದವನ್ನು ನಾನು ಒಪ್ಪುವುದಿಲ್ಲ. ದುಡಿದು ದಣಿದು, ಸಾಕು ಎಂದು ತಾನಾಗಿ ಕೈ ತೊಳೆದುಕೊಂಡವನು ನಿವೃತ್ತ. ಕೆಲಸವನ್ನೇ ಕಿತ್ತುಕೊಂಡು, ಕೈಗೆ ಶಾಲು ಕೊಟ್ಟು ಕೂರಿಸಿದರೆ ಅದಕ್ಕೆ ಬೇರೆ ಹೆಸರಿದೆ. ಆ ಹೆಸರನ್ನು ಈ ಪುಟದಲ್ಲಿ ಬರೆಯಲು ನನಗೆ ನಾಚಿಕೆಯಿಲ್ಲ, ಆದರೆ ಪೆರಿಯಣ್ಣನವರಿಗೆ ಇಷ್ಟವಾಗುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹನುಮಂತನಪಟ್ಟಿಯ ದ್ರಾಕ್ಷಿ ತೋಟದವರ ಮನೆಯಲ್ಲಿ ಹುಟ್ಟಿದ ಪೆರಿಯಣ್ಣನವರು ಮೀಸೆ ಮೂಡುವ ಮೊದಲೇ ದಿಂಡಿಗಲ್ಲಿಗೆ ಹೋಗಿ, ಒಂದು ಗಾಜಿನಂಗಡಿಯಲ್ಲಿ ವಜ್ರದ ಮೊನೆಯಿಂದ ಗೀರುವುದನ್ನು ಕಲಿತರು. ಅಲ್ಲಿಂದ ಬೆಂಗಳೂರಿಗೆ ಹೋಗಿ, ಸಿಟಿ ಮಾರ್ಕೆಟ್ಟಿನ ಬಳಿಯ ಗಾಜಿನ ಮಂಡಿಯಲ್ಲಿ ವರ್ಷಗಟ್ಟಲೆ ದುಡಿದರು. ನಾವು ಮನೆಯಲ್ಲಿ ಆಡುವ ಮಾತಿಗೆ ಅಕ್ಷರವೂ ಉಂಟು ಎಂಬುದು ಅವರಿಗೆ ಅಲ್ಲಿಯೇ ತಿಳಿದದ್ದು. ಅಂಗಡಿಗಳ ಬೋರ್ಡು ನೋಡಿ, ಲಾರಿಯ ಹಿಂಬದಿ ನೋಡಿ ಕನ್ನಡ ಓದಲು ಕಲಿತರು. ಊರಿಗೆ ಮರಳಿ, ರಾಜಮ್ಮಾಳರನ್ನು ಮದುವೆಯಾಗಿ, ಕಂಬಂ ರಸ್ತೆಯಲ್ಲಿ ಅಂಗಡಿ ತೆರೆದಾಗ, ತಮಿಳು ಬೋರ್ಡಿನ ಮೂಲೆಯಲ್ಲಿ ಚಿಕ್ಕದಾಗಿ ಕನ್ನಡದಲ್ಲಿ ‘ಗಾಜು’ ಎಂದು ತಾವೇ ಬರೆದರು. ಅದನ್ನು ಓದಬಲ್ಲ ಗಿರಾಕಿ ಒಬ್ಬನೂ ಬರುವುದಿಲ್ಲವೆಂದು ಗೊತ್ತಿದ್ದೇ ಬರೆದರು.

ಗಾಜು ಒಂದು ಕಡೆ ಕೂರಿಸಿದರೆ ಸುಮ್ಮನಿರುವ ವಸ್ತು. ಚೌಕಟ್ಟಿಗೆ ಇಟ್ಟು, ಸುತ್ತ ಪುಟ್ಟಿ ಮೆತ್ತಿ, ಹೆಬ್ಬೆರಳಿನಿಂದ ಒತ್ತಿ ಒರೆಸಿದರೆ ಕೆಲಸ ಮುಗಿಯಿತು. ಪಾಲಿಕಾರ್ಬೊನೇಟ್ ಸುಮ್ಮನಿರುವುದಿಲ್ಲ. ಬಿಸಿಲಿಗೆ ಬೆಳೆಯುತ್ತದೆ, ಚಳಿಗೆ ಕುಗ್ಗುತ್ತದೆ. ಪೆರಿಯಣ್ಣನವರು ಮೊದಲ ಹಾಳೆಯನ್ನು ತಮ್ಮದೇ ಅಂಗಡಿಯ ಮುಂದಿನ ಸೂರಿನ ಚಾಚಿಗೆ ಗಾಜಿನಂತೆಯೇ ಬಿಗಿದು ಕೂರಿಸಿದ್ದರು. ಚಿತ್ತಿರೈ ತಿಂಗಳ ಬಿಸಿಲಿಗೆ ಅದು ಹೊಟ್ಟೆ ಉಬ್ಬಿಸಿಕೊಂಡು, ಸ್ಕ್ರೂ ಇದ್ದ ಕಡೆಯೆಲ್ಲ ನಕ್ಷತ್ರದಂತೆ ಬಿರುಕು ಬಿಟ್ಟಿತು. ಅದನ್ನು ಬಿಚ್ಚಿ ಕೆಳಗಿಟ್ಟು ಇಡೀ ಮಧ್ಯಾಹ್ನ ಅದರ ಮುಂದೆ ಕೂತಿದ್ದು, ಕೊನೆಗೆ ಅವರು ಹೆಂಡತಿಗೆ ಹೇಳಿದರಂತೆ: “ಇದಕ್ಕೆ ಉಸುರು ಬಿಡ್ಲಿಲ್ಲೆ ನಾನು. ಅದಕ್ಕೇ ಒಡ್ಕೊಂಡೈತೆ.”

ಅಂದಿನಿಂದ ಅದು ಅವರ ಕೆಲಸದ ಮಾತಾಯಿತು. ಸ್ಕ್ರೂಗಿಂತ ತೂತು ದೊಡ್ಡದಿರಬೇಕು. ಆ ಸಂದಿಯೇ ಉಸುರು. ಹಾಳೆಯ ಅಂಚು ಅಲ್ಯೂಮಿನಿಯಂ ಪಟ್ಟಿಯ ತಳಕ್ಕೆ ತಾಗಬಾರದು, ಅದೂ ಉಸುರು. ಹಾಳೆಗೆ ಎರಡು ಪದರ. ನಡುವೆ ಉದ್ದಕ್ಕೂ ಕೊಳವೆಗಳಂತೆ ಟೊಳ್ಳು ಸಾಲುಗಳು. ಮೇಲಿನ ತುದಿಯನ್ನು ಟೇಪಿನಿಂದ ಮುಚ್ಚಬೇಕು, ಕೆಳಗಿನ ತುದಿಗೆ ಮಾತ್ರ ಸಣ್ಣ ಸಣ್ಣ ತೂತುಗಳಿರುವ ಟೇಪು ಹಾಕಬೇಕು. ಒಳಗೆ ಕಟ್ಟಿದ ಬೆವರು ಇಳಿದು ಹೋಗುವ ದಾರಿ ಅದೊಂದೇ. ಎಲ್ಲಕ್ಕಿಂತ ದೊಡ್ಡ ಉಸುರು ಅದು. ಜೀವಮಾನವೆಲ್ಲ ಪುಟ್ಟಿ ಮೆತ್ತಿದ ಆ ಹೆಬ್ಬೆರಳು, ಐವತ್ತು ದಾಟಿದ ಮೇಲೆ ಪುಟ್ಟಿಯನ್ನು ಬಿಟ್ಟಿತು. ಅಂಗಡಿಯ ಕಿಟಕಿ ಗಾಜಿನ ಕೆಲಸಕ್ಕಷ್ಟೇ ಒಂದು ಡಬ್ಬಿ ಉಳಿಯಿತು. ಕಡಲೆಕಾಳಿನ ಬಣ್ಣ ಬರುವಂತೆ ಎಣ್ಣೆ ಹಾಕಿ ಅವರೇ ಕಲಸುತ್ತಿದ್ದ ಪುಟ್ಟಿ ಅದು.

ನಾನು ಒಂಬತ್ತನೆಯ ತರಗತಿಗೆ ಬೆನ್ನು ಹಾಕಿ, ಅಲ್ಲಿ ಇಲ್ಲಿ ಅಲೆದು, ಅವರ ಬಳಿ ಕೆಲಸಕ್ಕೆ ಸೇರಿದ್ದು ತೊಂಬತ್ತೈದರಲ್ಲಿ. ಬೋಡಿ ಬಳಿಯ ಏಲಕ್ಕಿ ಮಂಡಿಯೊಂದರ ಅಂಗಳಕ್ಕೆ ಛಾವಣಿ ಹಾಕುವಾಗ, ಹಲಗೆ ಹಾಸಿಕೊಂಡೇ ನಡೆಯಬೇಕೆಂಬ ಅವರ ಮಾತನ್ನು ನಾನು ಮೀರಿರಲಿಲ್ಲ, ಹಲಗೆಯೇ ಜಾರಿತು. ಬಿದ್ದು ಬಲಗೈ ಮುರಿಯಿತು. ಮಂಡಿಯವರು ಇನ್ನೊಬ್ಬನನ್ನು ಕರೆದುಕೋ ಎಂದರು. ಪೆರಿಯಣ್ಣನವರು, “ಕೈ ಕೂಡೋವರೆಗೂ ಕೆಲ್ಸ ನಿಲ್ತೈತೆ” ಎಂದು ಹೇಳಿ ಏಣಿ ಇಳಿಸಿಬಿಟ್ಟರು. ನನ್ನನ್ನು ಮನೆಗೆ ಕರೆದೊಯ್ದರು. ರಾಜಮ್ಮಾಳರು ಕೈತುತ್ತು ಹಾಕಿದರು. ನಾನು ತಲೆ ತಗ್ಗಿಸಿದರೆ, “ಬಾಯಿ ತೆಗೆ ಡಾ. ನಿನ್ನ ಹೆಂಡ್ತಿ ಬಂದು ಹಾಕ್ತಾಳೇಂತ ಕಾದ್ರೆ ಒಣಗಿ ಹೋಗ್ತೀಯ” ಎನ್ನುತ್ತಿದ್ದರು.

ಆ ದಿನಗಳಲ್ಲಿಯೇ ಪೆರಿಯಣ್ಣನವರು ನನಗೆ ಕನ್ನಡದ ಅಕ್ಷರ ಹೇಳಿಕೊಟ್ಟದ್ದು. ಹಾಳೆಯ ಮೇಲೆ ಅಂಟಿ ಬರುವ ತೆಳ್ಳನೆಯ ಪೊರೆಯ ಮೇಲೆ ಗಾಜಿಗೆ ಗುರುತು ಹಾಕುವ ಪೆನ್ಸಿಲ್ಲಿನಿಂದ ಅವರು ಬರೆಯುವುದು, ನಾನು ಎಡಗೈಯಲ್ಲಿ ತಿದ್ದುವುದು. ಛಾವಣಿ ಕೂತ ದಿನ ಪೊರೆಯನ್ನು ಸುಲಿದು ಎಸೆಯಲೇಬೇಕು, ಇಲ್ಲವಾದರೆ ಬಿಸಿಲಿಗೆ ಬೆಂದು ಅಂಟಿಬಿಡುತ್ತದೆ. ಹಾಗೆ ನನ್ನ ಅಕ್ಷರಾಭ್ಯಾಸವೆಲ್ಲ ಬೋಡಿ, ತೇವಾರಂ, ಚಿನ್ನಮನೂರಿನ ಕಸದ ಗುಂಡಿಗಳಲ್ಲಿ ಹೋಗಿದೆ. ಶಾಲೆ ನನಗೆ ಕೊಡದ ಭಾಷೆಯನ್ನು ಎಸೆಯುವ ಪೊರೆಯ ಮೇಲೆ ಕೊಟ್ಟವರು ಅವರು. ಇಂದು ಈ ಸಂಪುಟದ ಕನ್ನಡ ಭಾಗಕ್ಕೆ ಬರೆಯಲು ಸಂಘದವರಿಗೆ ಈ ಕಣಿವೆಯಲ್ಲಿ ನನ್ನ ಹೊರತು ಗತಿಯಿಲ್ಲ. ನಮ್ಮ ಮಾತು ಕನ್ನಡ ಎಂದು ಮೈಸೂರು ಸೀಮೆಯವರಿಗೆ ತೋರಿಸಬೇಕಲ್ಲ.

ಇನ್ನು ಕಲ್ಯಾಣ ಮಂಟಪದ ವಿಷಯ.

ತೊಂಬತ್ತೇಳರಲ್ಲಿ ನಮ್ಮವರ ಸಂಘ ಉತ್ತಮಪಾಳಯಂನಲ್ಲಿ ಮಂಟಪ ಕಟ್ಟಿಸಿತು. ಸಂಘದ ಅಧ್ಯಕ್ಷರು ಚಿನ್ನತಂಬಿ ಗೌಂಡರು. ರಾಜಮ್ಮಾಳರ ಒಡಹುಟ್ಟಿದ ಅಣ್ಣ, ಎಂದರೆ ಪೆರಿಯಣ್ಣನವರ ಬಾವ. ಗೌಂಡರ ಮಗಳು ಜನನಿಯ ಮದುವೆಯನ್ನು ಅದೇ ಮಂಟಪದಲ್ಲಿ ಮಾಡುವುದೆಂದು ನಿಶ್ಚಯವಾಗಿತ್ತು. ಮಣೆಯ ಮೇಲೆ ಕೂತ ಹೆಣ್ಣು ಗಂಡಿಗೆ ನೇರ ಆಕಾಶದ ಬೆಳಕು ಬೀಳಲಿ ಎಂದು ವೇದಿಕೆಯ ಮೇಲ್ಭಾಗಕ್ಕೆ ಪಾಲಿಕಾರ್ಬೊನೇಟ್ ಛಾವಣಿ ಹಾಕುವ ಯೋಚನೆ ಪೆರಿಯಣ್ಣನವರದೇ. ಮುಹೂರ್ತಗಳಿಲ್ಲದ ಆಡಿ ತಿಂಗಳು ಪೂರ್ತಿ ನಾವು ಅಲ್ಲಿ ಕೆಲಸ ಮಾಡಿದೆವು. ನಾನು ಕಂಡ ಅವರ ಕೆಲಸಗಳಲ್ಲೆಲ್ಲ ಅದೇ ಮೇಲು. ಮಧ್ಯಾಹ್ನ ಬಿಸಿಲೇರಿದಾಗ ಹಾಳೆಗಳು ಪಟ್ಟಿಯೊಳಗೆ ಸರಿದು ಟಿಕ್ ಟಿಕ್ ಎನ್ನುತ್ತಿದ್ದವು. ಅವರು ಕತ್ತೆತ್ತಿ ಆಲಿಸಿ, ಸರಿ, ನಡೆಯುತ್ತಿದೆ ಎಂಬಂತೆ ತಲೆಯಾಡಿಸುತ್ತಿದ್ದರು.

ಕೆಲಸ ಮುಗಿಯುವ ಹೊತ್ತಿಗೆ ಜನನಿಯ ಅತ್ತೆಯಾಗಬೇಕಾಗಿದ್ದ ಪೇಚ್ಚಿಯಮ್ಮಾಳ್, ತೇವಾರಂನಿಂದ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಮಂಟಪ ನೋಡಲು ಬಂದರು. ನಾನು ಸಾರುವೆಯ ತುದಿಯಲ್ಲಿ ಕೊನೆಯ ಹಾಳೆಯ ಕೆಳ ಅಂಚಿಗೆ ಟೇಪು ಹಾಕುತ್ತಿದ್ದೆ. ಪೆರಿಯಣ್ಣನವರು ಕೆಳಗಿನಿಂದ, ದಿನಕ್ಕೆ ಹತ್ತು ಸಲ ಕೂಗುವುದನ್ನೇ ಕೂಗಿದರು: “ಮಾರಿ, ಉಸುರ ಬಿಡು ಡಾ. ಮರೀಬೇಡ, ಉಸುರ ಬಿಡು.”

ಇದನ್ನು ಓದುವ ಕನ್ನಡದವರಿಗೆ ಒಂದು ಮಾತು ಹೇಳಬೇಕು. ನಿಮಗೆ ಉಸುರು ಎಂದರೆ ಉಸಿರು. ನಮ್ಮ ಹಳಬರಿಗೂ ಅಷ್ಟೇ. ಆದರೆ ಇಲ್ಲಿಯ ತಮಿಳಿನಲ್ಲಿ ಅದೇ ಉಸುರು ಎಂದರೆ ಜೀವ, ‘ಉಸುರ ವಿಡು’ ಎಂದರೆ ಪ್ರಾಣ ಬಿಡು. ನಮ್ಮ ಒಂದು ‘ಬ’, ಅವರ ಒಂದು ‘ವ’, ಇವೆರಡರ ನಡುವೆ ಇರುವುದು ತುಟಿಯಷ್ಟು ದೂರ. ಮನೆಯಲ್ಲಿ ಕನ್ನಡ ಅರ್ಧ ಸವೆದು ಹೋದವರ ಕಿವಿಗೆ, ಸಾರುವೆಯ ಸದ್ದಿನ ನಡುವೆ, ಆ ದೂರ ಕೇಳಿಸಲಿಲ್ಲ. ತಾಳಿ ಕಟ್ಟುವ ಜಾಗದಲ್ಲಿ ನಿಂತು ಒಬ್ಬ ಗಂಡಸು, ಸಾಯಿ ಸಾಯಿ ಎಂದು ಕೂಗಿದ ಎಂದು ಕೇಳಿಸಿತು.

ಪೇಚ್ಚಿಯಮ್ಮಾಳ್ ಸೆರಗನ್ನು ಬಾಯಿಗೆ ಒತ್ತಿಕೊಂಡು, ಜೊತೆಗಿದ್ದ ಚಿನ್ನತಂಬಿ ಗೌಂಡರ ಕಡೆ ತಿರುಗಿದರು. “ಏನ್ ಮಾತು ಸಂಬಂಧಿ ಇದು? ಕಲ್ಯಾಣದ ಮನೇಲಿ ಆಡೋ ಮಾತಾ?”

ಪೆರಿಯಣ್ಣನವರು ನಕ್ಕು, “ಅದು ಹಾಳೆಗೆ ಹೇಳಿದ್ದಮ್ಮ. ನಮ್ಮ ಮಾತಲ್ಲಿ ಉಸುರು ಅಂದ್ರೆ ಮೂಗಲ್ಲಿ ಆಡೋದು” ಎಂದರು.

“ನಮ್ಮ ಮಾತು ನಮಗೂ ಗೊತ್ತು” ಎಂದರು ಆಕೆ. ಹೋಗುವಾಗ ಚಿನ್ನತಂಬಿ ಗೌಂಡರಿಗೆ ಹೇಳಿದ್ದನ್ನು ನಾನು ಮೇಲಿನಿಂದ ಕೇಳಿದೆ: “ಅಲ್ಲಿ ತೆರ್ಕೊಂಡಿದೆಯಲ್ಲ, ಆ ಬಾಯಿ ಮುಚ್ಚಿಸಿ. ಆಮೇಲೆ ನಮ್ಮ ಪಿಳ್ಳೆ ಮಣೆ ಮೇಲೆ ಕೂರ್ತಾನೆ.”

ಯಾವ ಬಾಯಿ ಎಂದು ಆಕೆ ಬಿಡಿಸಿ ಹೇಳಲಿಲ್ಲ. ಗೌಂಡರು ಎರಡನ್ನೂ ಮುಚ್ಚಿಸಿದರು. ತಂಗಿಯ ಗಂಡನಾದ ಪೆರಿಯಣ್ಣನವರಿಗೆ, “ಮಾಪ್ಳೆ, ಇನ್ಮೇಲೆ ಮಂಟಪದೊಳಗೆ ಆ ಮಾತು ಬೇಡ” ಎಂದರು. ನಾವು ಸಾಮಾನು ಕಟ್ಟಿಕೊಂಡು ಹೋದ ಮೇಲೆ ತಂಗಿಯ ಮನೆಗೆ ಆಳು ಕಳಿಸಿ ಪುಟ್ಟಿಯ ಡಬ್ಬಿ ತರಿಸಿಕೊಂಡರು. ಅಣ್ಣ ಕೇಳಿದ್ದು ಕಿಟಕಿಗೆಂದುಕೊಂಡು ರಾಜಮ್ಮಾಳರು ಕೊಟ್ಟರು. ಬಣ್ಣದವರು ಛಾವಣಿಯ ಕೆಳ ಅಂಚಿನುದ್ದಕ್ಕೂ ಆ ಪುಟ್ಟಿಯನ್ನು ತುಂಬಿ, ಮೇಲೆ ತೊಲೆಯದೇ ಬಣ್ಣ ಬಳಿದರು. ಕೆಳಗಿನಿಂದ ನೋಡಿದರೆ ಏನೂ ಕಾಣದು.

ಐಪ್ಪಸಿ ತಿಂಗಳಲ್ಲಿ ಮಳೆ ಹಿಡಿಯಿತು. ಕಾರ್ತಿಗೈಯಲ್ಲಿ ಜನನಿಯ ಮದುವೆ. ಬೆಳಗಿನ ಚಳಿ, ಅಡುಗೆಮನೆಯ ಹಬೆ, ಸಾವಿರ ಜನರ ಉಸಿರು. ದಾರಿಯಿಲ್ಲದ ಬೆವರು ಹಾಳೆಯ ಸಾಲುಗಳಲ್ಲಿ ತಿಂಗಳುಗಳಿಂದ ನಿಂತು ಪಾಚಿ ಕಟ್ಟಿತ್ತು. ಮೇಳದವರು ಗಟ್ಟಿಯಾಗಿ ಬಾರಿಸುತ್ತಿದ್ದಂತೆ, ಗಂಡು ತಾಳಿ ಹಿಡಿದು ಬಗ್ಗಿದಂತೆ, ಕೆಳಸಾಲಿನ ಸ್ಕ್ರೂವಿನ ತೂತಿನಿಂದ ಹಸಿರು ನೀರು ಜನನಿಯ ಬೈತಲೆಯ ಮೇಲೆ ಬಿದ್ದು, ಹಣೆಯ ಮೇಲೆ ಇಳಿದು, ಕುಂಕುಮವನ್ನು ಎಳೆದುಕೊಂಡು ಮೂಗಿನವರೆಗೆ ಹರಿಯಿತು.

ತಾಳಿ ಕೊರಳಿಗೆ ಬಿತ್ತು. ಮದುವೆ ನಿಲ್ಲಲಿಲ್ಲ. ಆದರೆ ಮೇಳ ನಿಂತ ಕೂಡಲೇ ಪೇಚ್ಚಿಯಮ್ಮಾಳ್ ಎಲ್ಲರಿಗೂ ಕೇಳುವಂತೆ ಅಂದರು: “ಆಡಿಯಲ್ಲೇ ಹೇಳಿದ್ನಲ್ಲ ಆ ಮನುಷ್ಯ, ಇಲ್ಲೇ ನಿಂತು. ಈಗ ಛಾವಣಿ ಕೇಳ್ತು.”

ಚಿನ್ನತಂಬಿ ಗೌಂಡರು ಪೆರಿಯಣ್ಣನವರ ಬಳಿ ಬಂದು, ದನಿ ಏರಿಸದೆ ಹೇಳಿದರು: “ಸಂತೋಷವಾ ಮಾಪ್ಳೆ? ಹೋಗು, ಮೊದಲ ಪಂತಿಗೆ ಎಲೆ ಹಾಕ್ತಾ ಇದ್ದಾರೆ, ಉಂಡ್ಕೊಂಡು ಹೋಗು.”

ಪೆರಿಯಣ್ಣನವರು ಉಣ್ಣಲಿಲ್ಲ. ಜನ ಊಟಕ್ಕೆ ಎದ್ದ ಮೇಲೆ ಕಂಬದ ಬಳಿ ನಿಂತು ಮೇಲೆ ನೋಡಿದರು. ಹಸಿಯಾದ ಬಣ್ಣ ಒಂದು ಕಡೆ ಸಿಪ್ಪೆ ಎದ್ದು, ಒಳಗಿನಿಂದ ಕಡಲೆಕಾಳಿನ ಬಣ್ಣ ಕಾಣುತ್ತಿತ್ತು. “ನಮ್ಮ ಪುಟ್ಟಿ” ಎಂದರು ನನಗೆ. ಅಷ್ಟೇ. ನಾನು ಅಲ್ಲಿಯೇ ಕೂಗಿ ಹೇಳಿಬಿಡುತ್ತೇನೆ ಎಂದು ಹೊರಟಾಗ ಅಂಗಿ ಹಿಡಿದು ನಿಲ್ಲಿಸಿದರು. ಹೇಳಿದರೆ ಹೆಣ್ಣಿನ ಅಪ್ಪನ ಹೆಸರು ಬರುತ್ತದೆ, ಡಬ್ಬಿ ಕೊಟ್ಟ ರಾಜಮ್ಮಾಳರ ಹೆಸರು ಬರುತ್ತದೆ. ಮದುವೆಯ ದಿನ ಅದು ಬೇಡ ಎಂದರು. ಹೇಳುವ ದಿನ ಆಮೇಲೆ ಎಂದೂ ಬರಲಿಲ್ಲ.

ಕೆಲಸಗಳು ಒಂದೊಂದಾಗಿ ಹೋದವು. ಕಂಬಂನ ಜವಳಿ ಅಂಗಡಿಯವರು, ತೇನಿಯ ಆಸ್ಪತ್ರೆಯವರು ಒಪ್ಪಿಕೊಂಡಿದ್ದ ಕೆಲಸವನ್ನು, “ನಿಮ್ಮವರೇ ಬೇಡ ಅಂತಾರಪ್ಪ” ಎಂದು ಹಿಂದಕ್ಕೆ ತೆಗೆದುಕೊಂಡರು. ಮರು ವರ್ಷ ಜನನಿಗೆ ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ. ಅದನ್ನೂ ಆ ಮಾತಿನ ಲೆಕ್ಕಕ್ಕೇ ಸೇರಿಸಿದರು. ಒಂದು ಹೆಣ್ಣಿನ ಸಂಕಟವನ್ನು ಇನ್ನೊಬ್ಬನ ತಲೆಗೆ ಕಟ್ಟುವುದು ನಮ್ಮವರಿಗೆ ಎಷ್ಟು ಸಲೀಸು ಎಂದು ನಾನು ಆಗ ಕಂಡೆ. ಪೆರಿಯಣ್ಣನವರು ಕೆಲಸದ ಮೇಲೆ ಕನ್ನಡ ಆಡುವುದನ್ನೇ ಬಿಟ್ಟರು. ಉಸುರು ಎನ್ನಬೇಕಾದ ಕಡೆ ಬೆರಳು ಎತ್ತಿ, ಹೆಬ್ಬೆರಳಿನೊಡನೆ ಒಂದಿಷ್ಟು ಸಂದಿ ಮಾಡಿ ತೋರಿಸುತ್ತಿದ್ದರು. ಮೊಣಕಾಲು ಹಿಡಿದುಕೊಂಡಿತ್ತು, ಏಣಿ ಹತ್ತುವುದೂ ನಿಂತಿತು.

ಒಂದು ದಿನ ಜನನಿ ಅಂಗಡಿಗೆ ಬಂದಳು. ಅತ್ತೆ ಮನೆಯವರಿಗೆ ಹೇಳದೆ, ತೇವಾರಂ ಬಸ್ಸಿನಲ್ಲಿ.

“ಮಾಮಾ, ನಿಮ್ಮ ಮೇಲೆ ನಂಗೇನೂ ಇಲ್ಲೆ.”

“ಗೊತ್ತಮ್ಮ.”

“ಆ ನೀರು ತಣ್ಣಗಿತ್ತು. ಅಷ್ಟೇ ನಂಗೆ ನೆನಪಿರೋದು. ಎಲ್ಲಾರೂ ಏನೇನೋ ಹೇಳ್ತಾರೆ. ಅದು ಯಾಕೆ ಬಿತ್ತು, ನೀವು ಹೇಳಿ.”

ಪೆರಿಯಣ್ಣನವರು ರಾಜಮ್ಮಾಳರ ಮುಖ ನೋಡಿದರು. ರಾಜಮ್ಮಾಳರು ಅಣ್ಣನ ಮಗಳ ಮುಖ ನೋಡಿ ಹೇಳಿದರು: “ನಾನು ಕೊಟ್ಟ ಪುಟ್ಟಿಯಿಂದ, ಕಂದಾ. ನಿಮ್ಮಪ್ಪ ಕೇಳಿದ್ರು, ಕೊಟ್ಟೆ.” ಜನನಿ ಬಹಳ ಹೊತ್ತು ಬೋರ್ಡಿನ ಮೂಲೆಯ ಓದಲಾಗದ ಅಕ್ಷರವನ್ನೇ ನೋಡುತ್ತ ಕೂತಿದ್ದು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದಳು. ಪಾವಂ, ಅವಳು ಯಾರಿಗೆ ಹೇಳಿಯಾಳು?

ಅರವತ್ತು ತುಂಬಿದ ಹಿರಿಯರಿಗೆ ಸಂಪುಟ ತರುವುದು ಸಂಘದ ವಾಡಿಕೆ. ಅಧ್ಯಕ್ಷರ ತಂಗಿಯ ಗಂಡನನ್ನೇ ಬಿಟ್ಟರೆ ಊರು ಆಡಿಕೊಳ್ಳುತ್ತದೆ. ಅಂಗಡಿ ಹೇಗೂ ಮುಚ್ಚುತ್ತಿದೆ. ನಿವೃತ್ತಿ ಎಂದು ಹೆಸರಿಟ್ಟು, ಅದೇ ಮಂಟಪದಲ್ಲಿ, ಅದೇ ಛಾವಣಿಯ ಕೆಳಗೆ ಶಾಲು ಹೊದಿಸುವುದೆಂದು ತೀರ್ಮಾನವಾಯಿತು. ಏನು ಬೇಕು ಮಾಪ್ಳೆ ಎಂದು ಗೌಂಡರು ಕೇಳಿದಾಗ ಪೆರಿಯಣ್ಣನವರು ಹೇಳಿದ್ದು ಇಷ್ಟು: “ಅರ್ಧ ದಿನ ಏಣಿ ಹಾಕೋಕೆ ಬಿಡು ಬಾವ. ಮಾರಿ ಹತ್ತುತ್ತಾನೆ. ಆ ಕೆಳಗಿನ ಅಂಚು ತೆಗೆಸಿಬಿಡ್ತೀನಿ.” ಹಿಂದೆಯೂ ಕೇಳಿದ್ದರು; ಹಿಂದಿನ ಉತ್ತರವೇ ಬಂತು. ಮುಚ್ಚಿದ್ದನ್ನು ತೆರೆಯುವುದು ಬೇಡ.

ಆಗ ಗೌಂಡರು ನನ್ನನ್ನು ಕರೆಸಿ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡು ಎಂದರು. ಏಣಿ ಕೊಟ್ಟರೆ ಬರೆಯುತ್ತೇನೆ ಎಂದೆ.

“ಏಲೇ ಮಾರಿ, ಯಾರ್ ಹತ್ರ ಮಾತಾಡ್ತಾ ಇದೀಯ?”

“ಬರೆಯೋಕೆ ಬೇರೆ ಯಾರಿದ್ದಾರೋ ಅವರ ಹತ್ರ ಹೋಗಿ.”

ಗೌಂಡರು ಯೋಚಿಸಿ ಬೀಗದ ಕೈ ಕೊಟ್ಟರು. ತಾವೂ ಬಂದು ನಿಂತರು, ಏನು ಕೀಳುತ್ತಾನೋ ಎಂದು. ಪೆರಿಯಣ್ಣನವರು ವೇದಿಕೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಹತ್ತಿ, ಕಲ್ಲಾಗಿದ್ದ ಪುಟ್ಟಿಗೆ ಉಳಿ ಇಟ್ಟು ತಟ್ಟಿದೆ. ಒಂದು ತುಂಡು ಕಳಚಿತು. ಆಮೇಲೆ ಸಾಲಿಗೆ ಸಾಲು ತೆರೆದುಕೊಂಡು ನೀರು ಸುರಿಯಿತು. ಕಪ್ಪು ಹಸಿರಾಗಿ, ಕೊಳೆತ ಬಾಳೆದಿಂಡಿನ ನಾತ ಹೊತ್ತು, ಮಣೆ ಹಾಕುವ ಜಾಗದ ಮೇಲೆಯೇ ಸುರಿಯಿತು. ಗೌಂಡರು ಹಿಂದಕ್ಕೆ ಸರಿದರು.

“ಇಷ್ಟು ನೀರು ಎಲ್ಲಿತ್ತು ಮಾಪ್ಳೆ?”

“ಒಳಗೇ ಇತ್ತು ಬಾವ. ಹೋಗೋಕೆ ದಾರಿ ಇರ್ಲಿಲ್ಲೆ.”

ಗೌಂಡರು ಕೆಳಗೆ ಬಿದ್ದ ಪುಟ್ಟಿಯ ತುಂಡನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡರು. ಅವರಿಗೆ ಎಲ್ಲವೂ ತಿಳಿಯಿತು. ಅದು ಮುಖದಲ್ಲಿಯೇ ಇತ್ತು. ತಿಳಿದ ಮೇಲೆ ಅವರು ಆಡಿದ ಮಾತು ಇದು: “ಹೊರಗೆ ಹೇಳೋದು ಬೇಡ ಮಾಪ್ಳೆ. ಹೆಣ್ಣು ಕೊಟ್ಟ ಮನೆ. ತೈ ತಿಂಗಳಲ್ಲಿ ಇದನ್ನು ತೆಗೆಸಿ ಸಿಮೆಂಟ್ ಶೀಟ್ ಹಾಕಿಸ್ತೀವಿ.” ನನ್ನ ಕಡೆ ತಿರುಗಿ, “ನೀನು ನಲ್ಲದಾಗಿ ಬರಿ” ಎಂದರು.

ಬಿಸಿಲು ಏರುತ್ತಿತ್ತು. ನೀರಿನ ಭಾರ ಇಳಿದ ಹಾಳೆಗಳು ಪಟ್ಟಿಯೊಳಗೆ ಸರಿದು ಒಮ್ಮೆ ಟಿಕ್ ಎಂದವು. ಪೆರಿಯಣ್ಣನವರು ಕತ್ತೆತ್ತಿದರು. ಪಾಚಿ ಕೂತ ಹಾಳೆ ಇನ್ನು ತಿಳಿಯಾಗುವುದಿಲ್ಲ. ಆ ಮಂಕು ಹಸಿರು ಬೆಳಕಿನಲ್ಲಿ ಅವರ ಮುಖ ನೀರಿನೊಳಗೆ ಇದ್ದಂತೆ ಕಾಣುತ್ತಿತ್ತು. ಆಡಬಾರದೆಂದ ಜಾಗದಲ್ಲಿಯೇ, ಬಾವನ ಎದುರಿಗೇ, ಮೆಲ್ಲಗೆ ಅಂದರು: “ಉಸುರು ಬಿಡ್ತು ನೋಡು ಡಾ.”

ಚಿನ್ನತಂಬಿ ಗೌಂಡರೇ, ನಲ್ಲದಾಗಿ, ಚೆನ್ನಾಗಿಯೇ, ಬರೆದಿದ್ದೇನೆ. ನಿಮ್ಮ ಸಮಿತಿಯಲ್ಲಿ ಇದನ್ನು ಓದಬಲ್ಲವರು ಒಬ್ಬರೂ ಇಲ್ಲ. ನೀವು ಪುಟ ಎಣಿಸಿ ಅಚ್ಚಿಗೆ ಕಳಿಸುತ್ತೀರಿ. ಈ ಕಣಿವೆಯಲ್ಲಿ ಈ ಅಕ್ಷರ ಬಲ್ಲವರು ಬರೆದ ನಾನೂ, ಕಲಿಸಿದ ಪೆರಿಯಣ್ಣನವರೂ, ಇಬ್ಬರೇ. ದೂರದ ಓದುಗರಿಗೆ ಪೆರಿಯಣ್ಣನವರು ಎಂಥವರೆಂದು ತಿಳಿದರೆ ಸಾಕು.

ಆದ್ದರಿಂದ ಕೊನೆಯ ಮಾತು ನೇರವಾಗಿ ನಿಮಗೇ, ಪೆರಿಯಣ್ಣ ಅಯ್ಯಾ. ನೂರು ವರ್ಷ ಬಾಳಿ ಎಂದು ಮುಗಿಸಬೇಕಂತೆ, ಬಾಳಿ. ಶಾಲು ಹೊದಿಸುವಾಗ ಮೇಲೆ ನೋಡಬೇಡಿ. ನಿಮ್ಮ ಹಲಗೆ, ಡ್ರಿಲ್ಲು, ಪೆನ್ಸಿಲ್ಲು ನನ್ನ ಬಳಿ ಇವೆ. ದಿಂಡಿಗಲ್ಲಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೆಲಸ ಹಿಡಿದಿದ್ದೇನೆ. ಅಲ್ಲಿ ನಮ್ಮವರು ಯಾರೂ ಇಲ್ಲ. ರಾಜಮ್ಮಾಳಮ್ಮನವರನ್ನೂ ಕರೆದುಕೊಂಡು ಬನ್ನಿ, ಕುರ್ಚಿ ಹಾಕಿಸುತ್ತೇನೆ. ನಾನು ಮೇಲೆ ಅಂಚಿಗೆ ಬಂದಾಗ ಬೆರಳು ತೋರಿಸಬೇಡಿ, ಬಾಯಿಬಿಟ್ಟು ಕೂಗಿ. ದಾರಿಯಲ್ಲಿ ಹೋಗುವ ತಮಿಳರು, ಈ ಮುದುಕ ಯಾರನ್ನು ಸಾಯಿ ಎನ್ನುತ್ತಿದ್ದಾನೆ ಎಂದು ನಿಂತು ನೋಡಿದರೆ ನೋಡಲಿ.

ಅಲ್ಲಿಯವರೆಗೆ, ಒಳಗೆ ಹಿಡಿದಿಟ್ಟುಕೊಂಡದ್ದು ಸಾಕು. ಉಸುರು ಬಿಡಿ, ಅಯ್ಯಾ.

ಮಾರಿಮುತ್ತು
ಉತ್ತಮಪಾಳಯಂ, ೧೯೯೯